ಹಳೆಯ ಪ್ರಸಾರಯಂತ್ರದ ಶ್ರುತಿ

ಗುಂಡಿ ಒತ್ತಿದೊಡನೆ ಮಾತನಾಡುವ ಯಂತ್ರಗಳಿಗೆ ಒಗ್ಗಿದವರಿಗೆ 'ಹೀತ್‌ಕಿಟ್ ಡಿ.ಎಕ್ಸ್.-100' ಎಂಬ ರೇಡಿಯೋ ಪ್ರಸಾರಯಂತ್ರವು ಹಟಮಾರಿ ಪ್ರಾಣಿಯಂತೆ ಕಂಡೀತು. ಅಮೆರಿಕದ ಮಿಷಿಗನ್ ಸಂಸ್ಥಾನದ ಬೆಂಟನ್ ಹಾರ್ಬರ್ ಎಂಬ ಊರಿನ ಹೀತ್ ಕಂಪೆನಿಯು 1950ರ ದಶಕದಲ್ಲಿ ಇದನ್ನು ಬಿಡಿಭಾಗಗಳಾಗಿ ಮಾರುತ್ತಿತ್ತು. ಕೊಂಡ ಹವ್ಯಾಸಿಯು ಒಂದೊಂದು ತಂತಿಯನ್ನೂ ತಾನೇ ಬೆಸೆದು ಯಂತ್ರವನ್ನು ಕಟ್ಟಿಕೊಳ್ಳಬೇಕಾಗಿತ್ತು. ಕಟ್ಟಿ ಮುಗಿದಾಗ ಅದರ ತೂಕ ನೂರು ಪೌಂಡನ್ನು ಮೀರುತ್ತಿತ್ತು. ಇಂತಹ ಯಂತ್ರಗಳನ್ನು ಎಚ್ಚರಿಸಿ ಮಾತನಾಡಿಸುವ ರಸಿಕರು ಅಲ್ಲಿ ಇಂದಿಗೂ ಉಂಟು. ಆ ವಿದ್ಯೆಗೆ ಜಾಣತನಕ್ಕಿಂತ ತಾಳ್ಮೆಯೇ ಹೆಚ್ಚು ಬೇಕು.

ತಾಳ್ಮೆಗೆಟ್ಟವನಿಗೆ ಇಲ್ಲಿ ಪ್ರಾಣಾಪಾಯವೇ ಕಾದಿದೆ. ಯಂತ್ರದ ಒಡಲಲ್ಲಿರುವುದು ಆರುನೂರು ವೋಲ್ಟಿಗೂ ಮಿಗಿಲಾದ ವಿದ್ಯುತ್ತು. ಸ್ವಿಚ್ಚು ಆರಿಸಿದ ಮಾತ್ರಕ್ಕೆ ಅದು ತೊಲಗಿತೆಂದು ತಿಳಿಯಲಾಗದು. ಕಂಡೆನ್ಸರುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಮೆಲ್ಲನೆ ಅವನ್ನು ಬರಿದುಮಾಡಬೇಕಾದ ಪ್ರತಿರೋಧಕವು ಮುಪ್ಪಿನಿಂದ ಕೆಟ್ಟಿದ್ದರೆ, ಸತ್ತಂತೆ ಮಲಗಿರುವ ಯಂತ್ರವೂ ಮುಟ್ಟಿದವನನ್ನು ಕೊಲ್ಲಬಲ್ಲುದು. ಆದುದರಿಂದಲೇ ಬಲ್ಲವರು ಪ್ಲಗ್ಗನ್ನು ಕಿತ್ತು, ಕಂಡೆನ್ಸರುಗಳನ್ನು ಬರಿದುಮಾಡಿ, ಮೀಟರಿನಿಂದ ಪರೀಕ್ಷಿಸಿದ ಹೊರತು ಒಳಗೆ ಕೈಯಿಡುವುದಿಲ್ಲ. ಒಂದು ಕೈ ಜೇಬಿನಲ್ಲೇ ಇರತಕ್ಕದ್ದೆಂಬುದು ರೇಡಿಯೋ ಕೆಲಸಗಾರರ ಹಳೆಯ ನಿಯಮ. ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುವ ವಿದ್ಯುತ್ತಿನ ದಾರಿಯಲ್ಲಿ ಹೃದಯವಿದೆಯಷ್ಟೆ.

ಇನ್ನು ಯಂತ್ರವನ್ನು ಹೊಂದಿಸುವ ಕ್ರಮ. ಮೊದಲು ಏರಿಯಲ್ಲಿಗೆ ಬದಲಾಗಿ, ಶಕ್ತಿಯನ್ನೆಲ್ಲ ಶಾಖವಾಗಿ ನುಂಗುವ ಪ್ರತಿರೋಧಕವೊಂದನ್ನು ಜೋಡಿಸುತ್ತಾರೆ. ಆಗ ಹೊಂದಿಸುವಾಗಿನ ಗಲಭೆ ಪರರ ಕಿವಿಗೆ ಬೀಳದು. ವಾಲ್ವುಗಳು ಕಾಯುವವರೆಗೆ ತಾಳಿ, ಕೊನೆಯ ಹಂತದ ಎರಡು 6146 ವಾಲ್ವುಗಳ ಗ್ರಿಡ್ಡಿಗೆ ತಕ್ಕಷ್ಟು ಪ್ರಚೋದನೆಯನ್ನು ಕೊಡುತ್ತಾರೆ. ಬಳಿಕ ಪ್ಲೇಟಿಗೆ ಹೆಚ್ಚಿನ ವೋಲ್ಟೇಜು ದೊರೆತೊಡನೆ ಮೀಟರಿನ ಮುಳ್ಳು ಮೇಲಕ್ಕೆ ಚಿಮ್ಮುತ್ತದೆ. ಈ ಒಂದು ಗಳಿಗೆಯಲ್ಲಿ ಮಾತ್ರ ಚುರುಕು ಬೇಕು. ಬಿರಡೆಯನ್ನು ತಿರುಗಿಸುತ್ತಿದ್ದಂತೆ ಒಂದೆಡೆ ಮುಳ್ಳು ತಟ್ಟನೆ ಕೆಳಗಿಳಿಯುತ್ತದೆ. ಅದೇ ಅನುರಣನದ ಸ್ಥಾನ, ಯಂತ್ರದ ಶ್ರುತಿ. ಅದು ತಪ್ಪಿ ನಿಂತರೆ ಪ್ಲೇಟು ಕೆಂಡದಂತೆ ಕೆಂಪಾಗಿ ವಾಲ್ವೇ ಹಾಳಾದೀತು. ಅನಂತರ ಹೊರೆಯ ಬಿರಡೆಯನ್ನು ಕೊಂಚ ತಿರುಗಿಸುವುದು, ಮುಳ್ಳನ್ನು ಮತ್ತೆ ತಗ್ಗಿಗೆ ತರುವುದು. ಪ್ಲೇಟಿನ ಪ್ರವಾಹವು ನಿಗದಿಯಾದ ಮಟ್ಟವನ್ನು ಮುಟ್ಟುವವರೆಗೂ ಹೀಗೆ ಸರದಿಯ ಮೇಲೆ ನಡೆಯಬೇಕು.

ಕಡೆಯದು ದನಿ. ವಾಹಕ ತರಂಗದಲ್ಲಿ ತಾನಾಗಿ ಮಾತಿಲ್ಲ. ಮೈಕಿನ ಮುಂದೆ ಆಡಿದ ಮಾತಿಗೆ ತಕ್ಕಂತೆ ಅದರ ಎತ್ತರವು ಏರಿಳಿದಾಗ ಇಕ್ಕೆಲಗಳಲ್ಲಿ ಹುಟ್ಟುವ ಎರಡು ಪಟ್ಟಿಗಳೇ ಮಾತನ್ನು ಹೊರುತ್ತವೆ. ಒಂದೇ ಸಮನಾದ ಸ್ವರದಿಂದ ಏರಿಳಿತವು ನೂರಕ್ಕೆ ನೂರಾದಾಗ, 100 ವಾಟ್ಟಿನ ವಾಹಕಕ್ಕೆ ಆ ಪಟ್ಟಿಗಳಿಂದ ಇನ್ನೂ 50 ವಾಟ್ಟು ಸೇರುತ್ತದೆ. ಅತಿಯಾದರೆ ಅಮೃತವೂ ವಿಷವೆಂಬಂತೆ, ಅದನ್ನೂ ಮೀರಿ ಕೂಗಿದರೆ ಇಳಿತದಲ್ಲಿ ವಾಹಕವೇ ಕಡಿದುಹೋಗಿ, ಒರಟು ಸದ್ದು ಅಕ್ಕಪಕ್ಕದ ಕಂಪನಾಂಕಗಳಿಗೂ ಚೆಲ್ಲುತ್ತದೆ. ತನ್ನ ಮಾತೇ ಗಟ್ಟಿಯಾಗಲೆಂದು ಬಯಸಿದವನು ತನ್ನ ದನಿಯ ಜೊತೆಗೆ ನೆರೆಯವನ ಮಾತನ್ನೂ ಕೆಡಿಸುತ್ತಾನೆ.

ವಾಹಕವನ್ನೂ ಒಂದು ಪಕ್ಕದ ಪಟ್ಟಿಯನ್ನೂ ತೊರೆದು ಮಿತವ್ಯಯದಿಂದ ಮಾತು ಕಳುಹಿಸುವ ಏಕಪಾರ್ಶ್ವ ಪದ್ಧತಿಯು 1960ರ ದಶಕದಲ್ಲಿ ಹವ್ಯಾಸಿಗಳ ನಡುವೆ ಹರಡಿ, ಈ ಯಂತ್ರಗಳನ್ನು ಮೂಲೆಗೆ ಸರಿಸಿತು. ಆದರೂ ಅಮೆರಿಕದಲ್ಲಿ 3885 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಆ ತುಂಬುದನಿ ಈಗಲೂ ಕೇಳಿಬರುತ್ತದೆ. ಅದನ್ನು ಕೇಳಿದವರು ಯಂತ್ರದ ಹಳಮೆಯನ್ನು ಮೆಚ್ಚುವುದಕ್ಕೆ ಮೊದಲು, ನೆರೆಯವರ ಅಲೆಯನ್ನು ಕದಡದಂತೆ ಅದನ್ನು ಹದದಲ್ಲಿ ಹಿಡಿದಿರುವ ಕೈಯನ್ನು ಮೆಚ್ಚತಕ್ಕದ್ದು.