ಹೊರಗೆ ಕೂತು ಕಾಯುವವರಿಗೆ

ಊರಲ್ಲಿ ಒಬ್ಬರಿಗೆ ಕ್ಯಾನ್ಸರ್ ಆಪರೇಷನ್ ಅಂದರೆ ಆಸ್ಪತ್ರೆ ಬಾಗಿಲಲ್ಲಿ ಹತ್ತು ಜನ ಇರುತ್ತಾರೆ. ಚಿಕ್ಕಪ್ಪ ರಕ್ತಕ್ಕೆ ಓಡುತ್ತಾರೆ, ಅತ್ತಿಗೆ ಬುತ್ತಿ ತರುತ್ತಾರೆ, ಭಾವ ಬಿಲ್ ಕೌಂಟರಿನಲ್ಲಿ ನಿಂತಿರುತ್ತಾರೆ. ಇಲ್ಲಿ ಅಟ್ಲಾಂಟಾದಲ್ಲಾಗಲಿ, ಷಾರ್ಲೆಟ್‌ನಲ್ಲಾಗಲಿ, ಫೇರ್‌ಫ್ಯಾಕ್ಸ್‌ನಲ್ಲಾಗಲಿ ಆ ಹತ್ತು ಜನರ ಕೆಲಸ ಒಬ್ಬರ ತಲೆ ಮೇಲೆ ಬೀಳುತ್ತದೆ. ಮಧ್ಯೆ ಮಗುವಿನ ಸ್ಕೂಲ್ ಬಸ್ ಬೇರೆ. ಆದ್ದರಿಂದ ಕಾಯುವ ಕೆಲಸವನ್ನೂ ಮೊದಲೇ ಹಂಚಿಕೊಳ್ಳಬೇಕು.

ಮೊದಲು ಸಮಯದ ಲೆಕ್ಕ. ಸರ್ಜನ್ ನಾಲ್ಕು ಗಂಟೆ ಅಂದರೆ ಅದು ಆಪರೇಷನ್ನಿಗೆ ಮಾತ್ರ. ಮುಂಚೆ ಅನಸ್ತೇಷಿಯಾ, ಆಮೇಲೆ ರಿಕವರಿ ರೂಮ್. ನೀವು ಅವರ ಮುಖ ನೋಡುವಷ್ಟರಲ್ಲಿ ಆರೇಳು ಗಂಟೆ ಆಗಬಹುದು. ತಡವಾಯ್ತು ಅಂದ ಕೂಡಲೇ ಕೆಟ್ಟದ್ದಾಯ್ತು ಅಂತ ಅಲ್ಲ. ಹಿಂದಿನ ಕೇಸ್ ಮುಗಿಯದೆಯೂ ತಡವಾಗುತ್ತದೆ. ಸರ್ಜನ್ ಹೊರಬಂದು "ಚೆನ್ನಾಗಾಯ್ತು" ಅಂದರೂ ಕಾಯುವುದು ಮುಗಿಯುವುದಿಲ್ಲ. ಗಡ್ಡೆಯ ಅಂಚಿನಲ್ಲಿ ಏನಾದರೂ ಉಳಿದಿದೆಯೇ, ದುಗ್ಧಗ್ರಂಥಿಗೆ ಹರಡಿದೆಯೇ ಎಂಬುದು ಪೆಥಾಲಜಿ ರಿಪೋರ್ಟ್ ಬಂದ ಮೇಲೇ ಗೊತ್ತಾಗುವುದು. ಅದಕ್ಕೆ ಹಲವು ದಿನ ಹಿಡಿಯುತ್ತದೆ. ಮನಸ್ಸಿಗೆ ಹೆಚ್ಚು ಕಷ್ಟ ಕೊಡುವುದು ಈ ದಿನಗಳೇ. ರಜೆ ಹಾಕುವಾಗ ಇವನ್ನೂ ಸೇರಿಸಿಕೊಳ್ಳಿ.

ಬೇಸಿಗೆಯಲ್ಲಿ ಇಲ್ಲಿ ಮಧ್ಯಾಹ್ನ 1 ಗಂಟೆ ಅಂದರೆ ಊರಲ್ಲಿ ರಾತ್ರಿ 10.30, ಚಳಿಗಾಲದಲ್ಲಿ 11.30. ಅಪ್ಪ ಅಮ್ಮ ಫೋನ್ ಹಿಡಿದು ಕೂತಿರುತ್ತಾರೆ. ಊರಿಗೆ ಸುದ್ದಿ ಹೇಳುವ ಕೆಲಸ ಒಬ್ಬ ಸ್ನೇಹಿತರಿಗೆ ಒಪ್ಪಿಸಿ. ಡಾಕ್ಟರ ಫೋನ್ ಬರುವ ಮೊಬೈಲು ಖಾಲಿ ಇರಲಿ.

ಆಪರೇಷನ್ ಆಗುವವರು ನಿಮ್ಮ ತಾಯಿಯೋ ಅತ್ತೆಯೋ ಆಗಿದ್ದು ಅವರಿಗೆ ಕನ್ನಡ ಮಾತ್ರ ಬರುತ್ತಿದ್ದರೆ, ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು. ಫೋನಿನಲ್ಲೋ ವಿಡಿಯೋದಲ್ಲೋ ಸಿಗಬಹುದು. ಅಪಾಯಿಂಟ್‌ಮೆಂಟ್ ಮಾಡುವಾಗಲೇ ಕೇಳಿ. ಹತ್ತು ವರ್ಷದ ಮೊಮ್ಮಗಳ ಬಾಯಲ್ಲಿ ಅಜ್ಜಿಗೆ ಕ್ಯಾನ್ಸರ್ ಸುದ್ದಿ ಹೇಳಿಸಬೇಡಿ.

ಈಗ ರಜೆ. 1993ರ ಎಫ್‌ಎಂಎಲ್‌ಎ ಕಾನೂನಿನ ಪ್ರಕಾರ ವರ್ಷಕ್ಕೆ 12 ವಾರ ರಜೆ ಸಿಗುತ್ತದೆ. ಸಂಬಳವಿಲ್ಲ, ಆದರೆ ಕೆಲಸವೂ ಆರೋಗ್ಯ ವಿಮೆಯೂ ಉಳಿಯುತ್ತದೆ. ಕಂಪನಿಯಲ್ಲಿ ನಿಮ್ಮ ಜಾಗದಿಂದ 75 ಮೈಲಿಯೊಳಗೆ 50 ಜನ ಇರಬೇಕು. ನೀವು 12 ತಿಂಗಳು ಕೆಲಸ ಮಾಡಿದ್ದು, ಕಳೆದ ವರ್ಷ 1,250 ಗಂಟೆ ದುಡಿದಿರಬೇಕು. ಗಂಡ, ಹೆಂಡತಿ, ಮಕ್ಕಳು, ಹೆತ್ತವರಿಗೆ ಅನ್ವಯ. ಅತ್ತೆ ಮಾವ ಬರುವುದಿಲ್ಲ. ತಂದೆಗೆ ಬೆಂಗಳೂರಿನ ಕಿದ್ವಾಯಿಯಲ್ಲಿ ಆಪರೇಷನ್ ಆದರೂ ಈ ರಜೆ ಕೇಳಬಹುದು, ಅಲ್ಲಿನ ಡಾಕ್ಟರ ಪ್ರಮಾಣಪತ್ರ ನಡೆಯುತ್ತದೆ. ವಾಷಿಂಗ್ಟನ್ ಡಿಸಿ ಒಳಗೆ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಡಿಸಿಯದೇ ಸಂಬಳ ಸಹಿತ ರಜೆ ಬೇರೆ ಇದೆ. ಅದರಲ್ಲಿ ಅತ್ತೆ ಮಾವನೂ ಸೇರುತ್ತಾರೆ. ಮನೆ ವರ್ಜೀನಿಯಾದಲ್ಲಿದ್ದರೂ ಅಡ್ಡಿಯಿಲ್ಲ.

ಕಿದ್ವಾಯಿ ಆವರಣದ ಧರ್ಮಶಾಲೆ ನಮ್ಮಲ್ಲಿ ಅನೇಕರಿಗೆ ಗೊತ್ತು. ಇಲ್ಲೂ ಅಂಥದ್ದಿದೆ. ನಾಜಿಗಳ ಕಾಲದಲ್ಲಿ ಜರ್ಮನಿ ಬಿಟ್ಟು ಬಂದು ಸೌತ್ ಕೆರೊಲಿನಾದ ಚಾರ್ಲ್‌ಸ್ಟನ್‌ನಲ್ಲಿ ನೆಲೆಸಿದ ಮಾರ್ಗಾಟ್ ಫ್ರಾಯ್ಡೆನ್‌ಬರ್ಗ್ ಎಂಬ ಮಹಿಳೆಯ ಪ್ರಯತ್ನದಿಂದ 1970ರಲ್ಲಿ ಮೊದಲ ಹೋಪ್ ಲಾಡ್ಜ್ ಅಲ್ಲೇ ಶುರುವಾಯಿತು. ಅಮೆರಿಕನ್ ಕ್ಯಾನ್ಸರ್ ಸೊಸೈಟಿ ನಡೆಸುವ ಈ ಮನೆಗಳಲ್ಲಿ ದೂರದಿಂದ ಚಿಕಿತ್ಸೆಗೆ ಬಂದ ರೋಗಿಗೂ ಜೊತೆಯವರಿಗೂ ಬಾಡಿಗೆಯಿಲ್ಲ. ಅಟ್ಲಾಂಟಾದಲ್ಲೂ ಒಂದಿದೆ. ಆಸ್ಪತ್ರೆಯ ಸೋಷಿಯಲ್ ವರ್ಕರ್ ಮೂಲಕ ವಿಚಾರಿಸಿ. ನಮ್ಮ ಹಾಗೇ ಪರದೇಶದಿಂದ ಬಂದವರು ಕಟ್ಟಿಸಿದ ಮನೆ ಅದು, ಕೇಳೋಕೆ ಸಂಕೋಚ ಬೇಡ.

ಲೆಕ್ಕ ಬರೆಯುವವನಾಗಿ ಒಂದು ಮಾತು: ಇನ್ಶೂರೆನ್ಸ್ ವರ್ಷ ಬದಲಾದರೆ ಡಿಡಕ್ಟಿಬಲ್ ಮತ್ತೆ ಮೊದಲಿಂದ ಶುರು. ಡಿಸೆಂಬರಿನಲ್ಲಿ ಆಪರೇಷನ್, ಜನವರಿಯಲ್ಲಿ ಕೀಮೋ ಆದರೆ ಎರಡು ಸಲ ಕಟ್ಟಬೇಕಾಗಬಹುದು. ಅದಕ್ಕೋಸ್ಕರ ಆಪರೇಷನ್ ದಿನ ಮುಂದೆ ಹಾಕಬೇಡಿ. ದುಡ್ಡು ಹೊಂದಿಸಿಕೊಳ್ಳಿ, ಕಂತು ಕೇಳಿ.

ಕೊನೆಗೆ ಕೂಟದವರಿಗೆ, ಕಾವೇರಿ, ನೃಪತುಂಗ, ಸಂಪಿಗೆ ಯಾವುದೇ ಇರಲಿ. "ಏನಾದ್ರೂ ಬೇಕಾದ್ರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ಮಂಗಳವಾರ ಮೂರು ಗಂಟೆಗೆ ಮಗೂನ ನಾವು ಕರ್ಕೊಂಡ್ ಬರ್ತೀವಿ, ರಾತ್ರಿ ಅನ್ನ ಸಾರು ನಮ್ಮನೇದು" ಅನ್ನಿ.