ರೀಮಿಕ್ಸ್ ಎಂದರೇನು?

ಧ್ವನಿಮುದ್ರಣವಾದ ಹಾಡಿನ ದನಿ, ವಾದ್ಯಗಳನ್ನು ಬೇರ್ಪಡಿಸಿ, ಹೊಸ ತಾಳ ಕೂಡಿಸಿ ಮತ್ತೆ ಬೆರೆಸುವುದೇ ರೀಮಿಕ್ಸ್. ಹಳೆಯ ಹಾಡನ್ನು ಹೊಸಬರು ಹಾಡಿದರೆ ಅದು ಕವರ್ ವರ್ಷನ್. ನಾವು ಎರಡನ್ನೂ ರೀಮಿಕ್ಸ್ ಎಂದುಬಿಡುತ್ತೇವೆ.

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮಲೆ ಮಹದೇಶ್ವರನ ಪದಗಳನ್ನು ಕಂಸಾಳೆಯೊಡನೆ ಹಾಡುತ್ತಾರೆ. ಅಂಥದೊಂದು ಪದ, ‘ಕೋಲುಮಂಡೆ’, 2020ರಲ್ಲಿ ಚಂದನ್ ಶೆಟ್ಟಿಯವರ ರ‍್ಯಾಪ್ ಆಯಿತು. ಶರಣೆ ಸಂಕಮ್ಮನನ್ನು ವಿಡಿಯೋದಲ್ಲಿ ತೋರಿಸಿದ ರೀತಿಗೆ ಭಕ್ತರು ನೊಂದರು. ಗಾಯಕರು ಕ್ಷಮೆ ಕೇಳಿದರು, ವಿಡಿಯೋ ತೆಗೆಯಲಾಯಿತು. ತಾಳಕ್ಕಿಂತ ಚಿತ್ರವೇ ಹೆಚ್ಚು ಚುಚ್ಚಿತೆಂದು ನನ್ನ ಅನಿಸಿಕೆ.

ನಮ್ಮ ಗಾಯನ ಮಂಡಳಿಗಳಿಗೂ ಈ ವ್ಯತ್ಯಾಸ ತಿಳಿದಿರಬೇಕು. ಬಲಿಪೂಜೆಯಲ್ಲಿ ಗೀತೆ ಹಾಡಲು ಕೃತಿಸ್ವಾಮ್ಯ ಕಾಯ್ದೆ ಅಡ್ಡಿಯಿಲ್ಲ. ಅದನ್ನೇ ಹೊಸದಾಗಿ ಹಾಡಿ ಸಿ.ಡಿ. ತರುವುದಾದರೆ ಹಕ್ಕುದಾರರ ಒಪ್ಪಿಗೆ ಬೇಕು; ಇಲ್ಲವೇ 2012ರ ತಿದ್ದುಪಡಿಯಂತೆ ಐದು ವರ್ಷ ಕಾದು, ಮುಂಚಿತವಾಗಿ ತಿಳಿಸಿ, ರಾಯಲ್ಟಿ ಕಟ್ಟಬೇಕು. ಮೂಲ ಮುದ್ರಣವನ್ನೇ ಎತ್ತಿಕೊಂಡು ರೀಮಿಕ್ಸ್ ಮಾಡಲು ಅದನ್ನು ಹೊರತಂದ ಕಂಪನಿಯ ಒಪ್ಪಿಗೆಯೂ ಬೇಕು.