ಹಳೆಯ ಕೋವಿಗೆ ಮೊದಲಿನ ರೂಪ

ಹಿತ್ತಾಳೆಯ ಚೊಂಬು ಮಂಕಾದರೆ ಹುಣಿಸೆಹಣ್ಣು ಹಚ್ಚಿ ತಿಕ್ಕುವುದು ನಮ್ಮ ಮನೆಗಳಲ್ಲಿ ಹಿಂದಿನಿಂದ ಬಂದ ವಾಡಿಕೆ. ಹುಣಿಸೆಯಲ್ಲಿರುವ ಆಮ್ಲವು ಲೋಹದ ಮೇಲಿನ ಆಕ್ಸೈಡಿನ ಪೊರೆಯನ್ನು ಕರಗಿಸುತ್ತದೆ. ಚೊಂಬು ಹೊಸದರಂತೆ ಹೊಳೆಯುತ್ತದೆ. ಇದೇ ವಾಡಿಕೆಯನ್ನು ಹಿಡಿದು, ನೂರೆಪ್ಪತ್ತು ವರ್ಷಗಳಷ್ಟು ಹಳೆಯದಾದ ಸೈನಿಕ ಕೋವಿಯೊಂದನ್ನು ಬೆಳ್ಳಿಯಂತೆ ಹೊಳೆಯಿಸಲು ಹೊರಟೆವೆನ್ನಿ. ಆಗ ಅದು ಮೊದಲಿನ ಸ್ಥಿತಿಗೆ ಮರಳುವುದಿಲ್ಲ. ಅದರಿಂದ ಇನ್ನಷ್ಟು ದೂರ ಹೋಗುತ್ತದೆ. ಏಕೆಂದರೆ ಅದರ ನಳಿಗೆ ಕಾರ್ಖಾನೆಯಿಂದ ಬೆಳ್ಳಗೆ ಹೊರಬಂದದ್ದೇ ಅಲ್ಲ. ಬೇಕೆಂದೇ ತುಕ್ಕು ಹಿಡಿಸಿ ಅದನ್ನು ಸೈನಿಕನ ಕೈಗೆ ಕೊಟ್ಟಿದ್ದರು!

ಈ ವಿಚಿತ್ರವನ್ನು ವಿವರಿಸಲು ನಮ್ಮ ದೇಶದ ಇತಿಹಾಸಕ್ಕೂ ಸಂಬಂಧಿಸಿದ ಒಂದು ಕೋವಿಯನ್ನೇ ತೆಗೆದುಕೊಳ್ಳೋಣ. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಇದರ ತೋಟಾಗಳಿಗೆ ಸವರಿದ್ದ ಕೊಬ್ಬಿನ ವಿಷಯವಾಗಿ ಎದ್ದ ಕ್ಷೋಭೆ 1857ರ ದಂಗೆಯ ಕಾರಣಗಳಲ್ಲೊಂದು ಎಂಬುದನ್ನು ವಿದ್ಯಾರ್ಥಿಗಳು ಓದಿಯೇ ಇರುತ್ತಾರೆ. ಕೋವಿಯ ಉದ್ದ 55 ಅಂಗುಲ, ನಳಿಗೆಯ ಉದ್ದ 39 ಅಂಗುಲ, ನಳಿಗೆಯ ಒಳವ್ಯಾಸ 0.577 ಅಂಗುಲ. ಒಳಗೆ ಸುರುಳಿಯಾಗಿ ಕೊರೆದ ಮೂರು ತೋಡುಗಳಿವೆ. ಈ ಸುರುಳಿಯು 78 ಅಂಗುಲಕ್ಕೆ ಒಂದು ಸುತ್ತು ಬರುತ್ತದೆ. ಎಂದರೆ ಗುಂಡು ನಳಿಗೆಯನ್ನು ದಾಟುವಷ್ಟರಲ್ಲಿ ಸರಿಯಾಗಿ ಅರ್ಧ ಸುತ್ತು ತಿರುಗುತ್ತದೆ. ಮದ್ದು, ಗುಂಡುಗಳನ್ನು ಬಾಯಿಯಿಂದಲೇ ತುಂಬಿ ಗಜದಿಂದ ಗಿಡಿಯಬೇಕು. ಹಿಂಬದಿಯ ಮೊಲೆಯ ಮೇಲೆ ತಾಮ್ರದ ಕೇಪನ್ನು ಇಡಬೇಕು. ಮಲೆನಾಡಿನ ಕೇಪಿನ ಕೋವಿಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಂತಹ ಕೋವಿಯೊಂದು ತುಕ್ಕು ಹಿಡಿದು, ಮರ ಒಣಗಿ, ಒಂದೆರಡು ತಿರುಪುಮೊಳೆಗಳನ್ನು ಕಳೆದುಕೊಂಡು ವಸ್ತುಸಂಗ್ರಹಾಲಯಕ್ಕೆ ಬಂದಿದೆಯೆಂದು ಊಹಿಸೋಣ. ಅದನ್ನು ಮೊದಲಿನ ಸ್ಥಿತಿಗೆ ತರಬೇಕು. ಆದರೆ ಯಾವ ಮೊದಲು? ಈ ಪ್ರಶ್ನೆ ಕುಚೋದ್ಯದ್ದಲ್ಲ. ದಂಗೆಯ ತರುವಾಯ ಭಾರತೀಯ ಸಿಪಾಯಿಗಳ ಕೈಗೆ ದೂರಕ್ಕೆ ಗುರಿ ಹೊಡೆಯಬಲ್ಲ ರೈಫಲನ್ನು ಕೊಡಲು ಬ್ರಿಟಿಷರು ಹಿಂಜರಿದರು. ಅವರಿಗಾಗಿ 1858ರ ಮಾದರಿಯೊಂದು ಹೊರಟಿತು. ಹೊರಗಿನಿಂದ ನೋಡಿದರೆ ಅದೇ ಎನ್‌ಫೀಲ್ಡ್. ಒಳಗೆ ಮಾತ್ರ ತೋಡುಗಳಿಲ್ಲದ ನುಣುಪಾದ, ಹೆಚ್ಚು ಅಗಲವಾದ ಕೊಳವೆ. ಇಂತಹ ಕೋವಿಯ ನಳಿಗೆಯಲ್ಲಿ ತೋಡು ಕಾಣದೆ, ಸವೆದುಹೋಗಿರಬೇಕೆಂದು ಹೊಸದಾಗಿ ಕೊರೆಸಿದವನು ಕೋವಿಯನ್ನು ಸರಿಪಡಿಸಿದಂತಾಗಲಿಲ್ಲ. ಇತಿಹಾಸದ ಒಂದು ಸಾಕ್ಷ್ಯವನ್ನು ಅಳಿಸಿದಂತಾಯಿತು. ಹಾಗೆಯೇ 1866ರಿಂದ ಮುಂದೆ ಅನೇಕ ಎನ್‌ಫೀಲ್ಡುಗಳ ಹಿಂಬದಿಯನ್ನು ಕತ್ತರಿಸಿ, ಹಿಂದಿನಿಂದಲೇ ತೋಟಾ ತುಂಬುವ ಸ್ನೈಡರ್ ಕೋವಿಗಳನ್ನಾಗಿ ಮಾರ್ಪಡಿಸಿದರು. ಅಮೆರಿಕದ ಅಂತರ್ಯುದ್ಧದಲ್ಲಿ ಎನ್‌ಫೀಲ್ಡನ್ನು ಹಿಡಿದ ಸೈನಿಕರಲ್ಲಿ ಕೆಲವರು ಅದರ ಕಪ್ಪು ಬಣ್ಣವನ್ನು ತಾವೇ ಉಜ್ಜಿ ತೆಗೆದದ್ದೂ ಉಂಟು. ಆದುದರಿಂದ ಉಪಕರಣವನ್ನು ಕೈಗೆತ್ತಿಕೊಳ್ಳುವ ಮುನ್ನ ಕೋವಿಯ ಮೇಲಿನ ಮುದ್ರೆಗಳನ್ನೂ ಅಳತೆಗಳನ್ನೂ ಗುರುತುಮಾಡಿಕೊಂಡು, ಎಲ್ಲ ಕಡೆಯಿಂದಲೂ ಚಿತ್ರ ತೆಗೆದಿಡುವುದು ಅವಶ್ಯ.

ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ. ಗಜವನ್ನು ನಳಿಗೆಯ ಬಾಯಿಂದ ತಳದವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿಯಬೇಕು. ಗುರುತು ಬಾಯಿಯ ನೇರಕ್ಕೆ ಬಂದಾಗ ಗಜದ ತುದಿ ಮೊಲೆಯ ಹತ್ತಿರಕ್ಕೆ ಬಾರದೆ ಎರಡು ಮೂರು ಅಂಗುಲ ಮುಂದೆಯೇ ನಿಂತರೆ, ಒಳಗೆ ಮದ್ದು, ಗುಂಡು ಇನ್ನೂ ಇರಬಹುದು. ಒಣಗಿರುವ ಮದ್ದಿಗೆ ವಯಸ್ಸೆಂಬುದಿಲ್ಲ; ನೂರು ವರ್ಷದ ಬಳಿಕವೂ ಅದು ಸಿಡಿಯಬಲ್ಲದು. ಅದನ್ನು ತೆಗೆಯುವುದು ಬಲ್ಲವರ ಕೆಲಸ. ಕೋವಿಯನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ 1959ರ ಆಯುಧ ಶಾಸನಕ್ಕೆ ಒಳಪಟ್ಟ ವಿಷಯವಾದುದರಿಂದ ಅಧಿಕಾರಿಗಳನ್ನು ಕೇಳದೆ ಮನೆಯಲ್ಲಿ ಇಂತಹ ಪ್ರಯೋಗಕ್ಕೆ ಯಾರೂ ಕೈಹಾಕಬಾರದು.

ಈಗ ತುಕ್ಕಿನ ವಿಷಯಕ್ಕೆ ಬರೋಣ. ಕಬ್ಬಿಣವು ಆಮ್ಲಜನಕದೊಡನೆ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಸೇರುತ್ತದೆ. ನೀರೂ ಗಾಳಿಯೂ ಕೂಡಿದಲ್ಲಿ ಹುಟ್ಟುವುದು ಕೆಂಪು ತುಕ್ಕು. ಇದು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಮೇಲ್ಮೈಗೆ ಅಂಟಿ ನಿಲ್ಲಲಾರದೆ ಉಬ್ಬಿ ಪುಡಿಯಾಗುತ್ತದೆ. ಅದರ ಸಂದುಗಳಲ್ಲಿ ನೀರು ನಿಂತು ಕೆಳಗಿನ ಲೋಹವನ್ನು ಮತ್ತೆ ತಿನ್ನುತ್ತದೆ. ಎರಡನೆಯದು ಕಪ್ಪು ಆಕ್ಸೈಡು. ಇದರಲ್ಲಿ ಕಬ್ಬಿಣದ ಮೂರು ಪರಮಾಣುಗಳಿಗೆ ಆಮ್ಲಜನಕದ ನಾಲ್ಕು ಪರಮಾಣುಗಳು. ಪ್ರಕೃತಿಯಲ್ಲಿ ದೊರೆಯುವ ಅಯಸ್ಕಾಂತದ ಕಲ್ಲೂ ಇದೇ ವಸ್ತು. ಇದು ತೆಳುವಾಗಿ ಒತ್ತಾಗಿ ಬೆಳೆದರೆ ಲೋಹವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಎಣ್ಣೆಯನ್ನೂ ಹಿಡಿದಿಡುತ್ತದೆ. ಒಂದು ಕೋವಿಯನ್ನು ತಿನ್ನುವ ತುಕ್ಕು, ಇನ್ನೊಂದು ಕಾಯುವ ತುಕ್ಕು.

ಹಿಂದಿನ ಕೋವಿಗಾರರು ಮೊದಲನೆಯದರಿಂದಲೇ ಎರಡನೆಯದನ್ನು ಪಡೆಯುತ್ತಿದ್ದರು. ಜಿಡ್ಡು ತೆಗೆದ ನಳಿಗೆಗೆ ಆಮ್ಲ, ಲವಣಗಳ ದ್ರಾವಣವನ್ನು ಸವರಿ ಇಟ್ಟರೆ ಕೆಲವು ಗಂಟೆಗಳಲ್ಲಿ ತೆಳ್ಳನೆಯ ಕೆಂಪು ತುಕ್ಕು ಏರುತ್ತದೆ. ಸಡಿಲವಾದ ಪುಡಿಯನ್ನು ಸಣ್ಣ ತಂತಿಯ ಕುಂಚದಿಂದ ಉದುರಿಸಿ ಮತ್ತೆ ಸವರುವುದು, ಮತ್ತೆ ಉದುರಿಸುವುದು. ಹಲವು ಸಲ ಹೀಗೆ ಮಾಡಿದರೆ ಗಟ್ಟಿಯಾದ ಕಂದು ಪದರ ನಿಲ್ಲುತ್ತದೆ. ಪ್ರತಿ ಸಲವೂ ನೀರಿನಲ್ಲಿ ಕುದಿಸಿದರೆ ಕೆಂಪು ತುಕ್ಕು ಕಪ್ಪು ಆಕ್ಸೈಡಾಗಿ ಬದಲಾಗಿ ನೀಲಿಗಪ್ಪು ಬರುತ್ತದೆ. ವಿದ್ಯಾರ್ಥಿಗಳು ಇದನ್ನು ಒಂದು ಮೊಳೆಯಿಂದಲೇ ನೋಡಬಹುದು. ಉಪ್ಪುಕಾಗದದಿಂದ ತಿಕ್ಕಿದ ಕಬ್ಬಿಣದ ಮೊಳೆಯನ್ನು ಉಪ್ಪುನೀರಿನಲ್ಲಿ ತೋಯಿಸಿ ರಾತ್ರಿಯೆಲ್ಲ ಬಿಡಿ. ಹೊಸ ತುಕ್ಕು ಮೂಡಿದ ಮೇಲೆ ಕಾಲು ಗಂಟೆ ಮಳೆನೀರಿನಲ್ಲಿ ಕುದಿಸಿ. ಕೆಂಪು ಮಾಯವಾಗಿ ಕಪ್ಪು ಕಾಣಿಸಿಕೊಳ್ಳುವುದು ನೋಡತಕ್ಕ ಸಂಗತಿ.

ಆದುದರಿಂದ ದುರಸ್ತಿ ಮಾಡುವವನ ಕಷ್ಟವೆಲ್ಲ ಇರುವುದು ಇಲ್ಲಿ: ಕೆಂಪನ್ನು ತೆಗೆಯಬೇಕು, ಕಪ್ಪನ್ನು ಉಳಿಸಬೇಕು. ಆಮ್ಲಕ್ಕೆ ಈ ಭೇದ ತಿಳಿಯದು. ಅದು ಎರಡನ್ನೂ ಕರಗಿಸುತ್ತದೆ. ಒಗೆಯುವ ಸೋಡದ ದ್ರಾವಣದಲ್ಲಿ ಕೋವಿಯ ಭಾಗವನ್ನು ಋಣಧ್ರುವವನ್ನಾಗಿ, ಕಬ್ಬಿಣದ ತಗಡನ್ನು ಧನಧ್ರುವವನ್ನಾಗಿ ಮಾಡಿ ವಿದ್ಯುತ್ತನ್ನು ಹರಿಸುವ ವಿಧಾನ ಬಹು ಜನಪ್ರಿಯವಾಗಿದೆ. ಜಲಜನಕದ ಗುಳ್ಳೆಗಳೆದ್ದು ತುಕ್ಕು ಸಡಿಲವಾಗುತ್ತದೆ. ಉಳಿದಿರುವ ಲೋಹ ಕರಗುವುದಿಲ್ಲ. ಆದರೆ ಹಳೆಯ ಕಂದು ಬಣ್ಣವೂ ಆಕ್ಸೈಡೇ ತಾನೆ? ಅದೂ ತುಕ್ಕಿನೊಡನೆ ಕಳಚಿಕೊಂಡು ಹೋಗುತ್ತದೆ. ಬಣ್ಣದ ಕುರುಹೇ ಉಳಿಯದ ಭಾಗಗಳಿಗೆ ಮಾತ್ರ ಈ ಉಪಾಯ ತಕ್ಕುದೆಂದು ನಮ್ಮ ಅಭಿಪ್ರಾಯ. ಉಳಿದೆಡೆ ತೆಳ್ಳನೆಯ ಎಣ್ಣೆ ಹಚ್ಚಿ, ಒಂದೆರಡು ದಿನ ನೆನೆಯಬಿಟ್ಟು, ಹಿತ್ತಾಳೆಯ ಚೂರಿನಿಂದ ಮೆಲ್ಲನೆ ಕೆರೆಯುವುದೇ ಮೇಲು. ಹಿತ್ತಾಳೆ ಉಕ್ಕಿಗಿಂತಲೂ ಕಪ್ಪು ಆಕ್ಸೈಡಿಗಿಂತಲೂ ಮೃದು, ಅವನ್ನು ಗೀರಲಾರದು. ಪುಡಿಯಾಗುವ ಕೆಂಪು ತುಕ್ಕು ಮಾತ್ರ ಅದಕ್ಕೆ ಮಣಿಯುತ್ತದೆ. ಕೆಲಸ ವಾರಗಟ್ಟಲೆ ಹಿಡಿಯಬಹುದು.

ಮೊಲೆಯ ಸುತ್ತಲೇ ಗುಳಿಗಳು ಹೆಚ್ಚಾಗಿರುವುದನ್ನು ಇಂತಹ ಕೋವಿಗಳಲ್ಲಿ ಕಾಣುತ್ತೇವೆ. ಕೇಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟು ಸಿಡಿದ ಮೇಲೆ ಪೊಟ್ಯಾಸಿಯಂ ಕ್ಲೋರೈಡಾಗಿ ಉಳಿಯುತ್ತದೆ. ಇದು ಅಡಿಗೆಯ ಉಪ್ಪಿನ ಸೋದರ; ತೇವವಿದ್ದಲ್ಲಿ ಕಬ್ಬಿಣವನ್ನು ತಿನ್ನಲು ನೆರವಾಗುತ್ತದೆ. ಎಣ್ಣೆ ಇದನ್ನು ಕರಗಿಸದು, ಬಿಸಿನೀರು ಕರಗಿಸುತ್ತದೆ. ಗುಂಡು ಹಾರಿಸಿದ ಸೈನಿಕ ನಳಿಗೆಯನ್ನು ನೀರಿನಿಂದ ತೊಳೆಯಬೇಕಾಗಿದ್ದುದಕ್ಕೆ ಇದೂ ಒಂದು ಕಾರಣ. ಗುಳಿ ಬಿದ್ದುದನ್ನು ತುಂಬಲಾಗದು. ಅರದಿಂದ ಉಜ್ಜಿ ಸಮಮಾಡಿದರೆ ಗುಳಿಯೂ ಹೋಗುತ್ತದೆ, ಅದರ ಬಳಿಯಲ್ಲೇ ಇರುವ ಪರೀಕ್ಷಾ ಮುದ್ರೆಗಳೂ ಹೋಗುತ್ತವೆ.

ಕುದುರೆ ಮತ್ತು ಅದರ ಪಕ್ಕದ ತಗಡಿನ ಬಣ್ಣದ ಕಥೆಯೇ ಬೇರೆ. ಮೂಳೆಯಿದ್ದಿಲಿನಲ್ಲಿ ಹುದುಗಿಸಿ ಕೆಂಪಗೆ ಕಾಯಿಸಿದರೆ ಇಂಗಾಲವು ಕಬ್ಬಿಣದ ಮೇಲ್ಪದರಕ್ಕೆ ಇಳಿಯುತ್ತದೆ; ಒಡನೆಯೇ ನೀರಿಗೆ ಅದ್ದಿದಾಗ ಆ ಪದರ ಗಾಜನ್ನು ಗೀರುವಷ್ಟು ಗಟ್ಟಿಯಾಗುತ್ತದೆ. ಆಗ ಮೂಡುವ ಬೂದು, ನೀಲಿ, ಹಳದಿಯ ಮಚ್ಚೆಗಳು ಬಣ್ಣದ ದ್ರವ್ಯದಿಂದ ಬಂದವಲ್ಲ. ಅತಿ ತೆಳುವಾದ ಆಕ್ಸೈಡಿನ ಪೊರೆಯ ಮೇಲ್ಭಾಗದಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕಿನ ಅಲೆಗಳು ಕೂಡಿ, ಕಳೆದು ತೋರುವ ಬಣ್ಣ ಅದು. ಮಳೆಗಾಲದ ರಸ್ತೆಯಲ್ಲಿ ನೀರಿನ ಮೇಲೆ ಚೆಲ್ಲಿದ ಎಣ್ಣೆಯ ಬಣ್ಣಗಳೂ ಇದೇ ವ್ಯತಿಕರಣದ ಫಲ. ಹೊಳಪು ಮಾಡಿದ ಉಕ್ಕನ್ನು ಸುಮಾರು 230 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಿದರೆ ಒಣಹುಲ್ಲಿನ ಹಳದಿ, 300ರ ಹತ್ತಿರ ಗಾಢ ನೀಲಿ. ಇದನ್ನು ಬಲ್ಲ ಕೆಲವರು ಮಾಸಿದ ಭಾಗಗಳಿಗೆ ಬೆಂಕಿಯ ನಾಲಗೆ ತೋರಿಸಿ ಬಣ್ಣ ಬರಿಸುತ್ತಾರೆ. ಬಣ್ಣ ಬಂದೇ ಬರುತ್ತದೆ. ಆದರೆ ಗಟ್ಟಿಪದರದ ಹದ ಕೆಡುತ್ತದೆ. ಕುದುರೆಯನ್ನು ಎತ್ತಿ ನಿಲ್ಲಿಸುವ ಒಳಗಿನ ಕಚ್ಚಿಗೂ ಈ ಕಾವು ತಗುಲಿದರೆ ಕಚ್ಚು ಬೇಗ ಸವೆದು, ಕುದುರೆ ತಾನಾಗಿ ಜಾರಿಬೀಳುವ ಅಪಾಯವಿದೆ.

ಮರದ ಒಡಲು ಅಕ್ರೋಟಿನದು. ಪೆಟ್ಟು ಬಿದ್ದು ತಗ್ಗಾದ ಕಡೆ ನಾರುಗಳು ಮುರಿದಿಲ್ಲ, ನಜ್ಜಾಗಿವೆ ಅಷ್ಟೆ. ಒದ್ದೆಬಟ್ಟೆ ಹೊದಿಸಿ ಬಿಸಿ ಇಸ್ತ್ರಿಯನ್ನು ತಾಗಿಸಿದರೆ ಹಬೆ ಕುಡಿದು ಅವು ಮತ್ತೆ ಉಬ್ಬುತ್ತವೆ. ಆದರೆ ಹಿಂಬುಡದ ಮೇಲೆ ಒತ್ತಿದ ಕಾರ್ಖಾನೆಯ ಮುದ್ರೆಯೂ ಇಂತಹ ತಗ್ಗೇ ಆಗಿರುವುದರಿಂದ ಹಬೆ ಅದನ್ನೂ ಉಬ್ಬಿಸಿ ಅಳಿಸುತ್ತದೆ. ಉಪ್ಪುಕಾಗದವಂತೂ ಕೂಡದು. ಕೊನೆಗೆ ಹಚ್ಚುವ ಅಗಸೆ ಎಣ್ಣೆ ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಈ ಕ್ರಿಯೆಯಲ್ಲಿ ಶಾಖವೂ ಹುಟ್ಟುವುದರಿಂದ ಎಣ್ಣೆಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾವಾಗಿ ಹೊತ್ತಿಕೊಳ್ಳಬಹುದು. ಅವನ್ನು ಹರಡಿ ಒಣಗಿಸಬೇಕು.

ಇನ್ನು ಕಳೆದುಹೋದ ತಿರುಪುಮೊಳೆ. ಕೋವಿ ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯದಾಗಿದ್ದರೆ ಕೆಲಸ ಸುಲಭ. 1850ರ ದಶಕದ ಕೊನೆಯ ಹೊತ್ತಿಗೆ ಅಲ್ಲಿ ಅಮೆರಿಕದಿಂದ ತರಿಸಿದ ಯಂತ್ರಗಳು ಒಂದರ ಭಾಗ ಇನ್ನೊಂದಕ್ಕೆ ಕೂರುವಷ್ಟು ಸಮನಾಗಿ ಭಾಗಗಳನ್ನು ಕಡೆಯುತ್ತಿದ್ದವು. ಬರ್ಮಿಂಗ್‌ಹ್ಯಾಮಿನ ಗುತ್ತಿಗೆದಾರರು ಮಾಡಿಸಿದ್ದಾದರೆ, ಪ್ರತಿಯೊಂದು ಭಾಗವನ್ನೂ ಕುಶಲಕರ್ಮಿ ಅರದಿಂದ ಉಜ್ಜಿ ಆ ಒಂದು ಕೋವಿಗೇ ಹೊಂದಿಸಿದ್ದಾನೆ, ಬೇರೆಯದು ಕೂರುವುದಿಲ್ಲ. ಅಂತಹದಕ್ಕೆ ಹೊಸದನ್ನೇ ಕಡೆಯಿಸಬೇಕು. ಹಾಗೆ ಕಡೆಯಿಸಿದಾಗ, ಮುಂದೆ ಕೋವಿಯನ್ನು ಬಿಚ್ಚಿದವರು ಮೋಸಹೋಗದಂತೆ ತಿರುಪಿನ ಮರೆಯಾದ ಭಾಗದಲ್ಲಿ ಅದನ್ನು ಮಾಡಿದ ವರ್ಷವನ್ನು ಕೆತ್ತಿಸುವುದು ಒಳ್ಳೆಯದು.